ಹ್ಯಾಂಡಲ್ ಬದಲಿಸಿದರೆ ಕೈ ಜೋಮು ಹೋಗುತ್ತಾ?

ಜೋಮುಗೈ
ನನ್ನದು 500 ಸಿಸಿ ನೇಕೆಡ್ ಬೈಕು (ಮುಂದೆ ಗಾಳಿ ತಡೆಯುವ ಹೊದಿಕೆ ಇಲ್ಲದ್ದು), ತಗೊಂಡು ಎರಡು ವರ್ಷ ಆಯಿತು. ಗಾಡಿ ಮೇಲೆ ಒಂದೂ ದೂರಿಲ್ಲ, ದೂರೆಲ್ಲ ಮೈ ಮೇಲೆ. ಒಂದು ಗಂಟೆ ಓಡಿಸಿದರೆ ಬಲಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಎರಡು ಗಂಟೆ ಆದರೆ ಎರಡೂ ಹೆಗಲ ನಡುವೆ ಯಾರೋ ಮೊಳೆ ಹೊಡೆದ ಹಾಗೆ ನೋವು. ಇಳಿದ ಮೇಲೆ ಹೆಲ್ಮೆಟ್ ಪಟ್ಟಿ ಬಿಚ್ಚೋಕೂ ಬೆರಳು ಮಾತು ಕೇಳುವುದಿಲ್ಲ. ವಯಸ್ಸು 46, ಎತ್ತರ 168 ಸೆಂ.ಮೀ.

ಈಗಿರುವ ಹ್ಯಾಂಡಲ್ ಹೆಚ್ಚುಕಡಿಮೆ ಚಪ್ಪಟೆ. ಮುಂದಕ್ಕೆ ಬಗ್ಗಿ ಹಿಡಿಯಬೇಕು. 15 ಸೆಂ.ಮೀ ಎತ್ತರದ, ಹಿಂದಕ್ಕೆ ಬಾಗಿರುವ ಹ್ಯಾಂಡಲ್ ಒಂದನ್ನು ನೋಡಿಟ್ಟಿದ್ದೇನೆ. ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಹಳೆಯದು ಬಿಚ್ಚಿ ಹೊಸದು ಕೂರಿಸಿದರೆ ಮುಗೀತಾ, ಇಲ್ಲ ಇನ್ನೇನಾದರೂ ತಲೆನೋವು ಇದೆಯಾ?

ಮಿಡಲ್‌ಸ್ಟ್ಯಾಂಡ್
ಕಣ್ಣು ಮುಚ್ಚಿ ಹಾಕಿಸಿ. ನಾನು ಹಾಕಿಸಿ ನಾಲ್ಕು ವರ್ಷ ಆಯಿತು. ಈಗ ರಾಜನ ಥರ ಕೂತು ಓಡಿಸುತ್ತೇನೆ.

ಹನ್ನೆರಡರ ಸ್ಪ್ಯಾನರ್
ತಡೀರಿ ಗುರು. ದುಡ್ಡು ಬಿಚ್ಚುವ ಮೊದಲು ಬೋಲ್ಟ್ ಬಿಚ್ಚಿ. ಖರ್ಚಿಲ್ಲದ ಎರಡು ಕೆಲಸ ಇವೆ, ಯಾರೂ ಮಾಡುವುದಿಲ್ಲ.

ಒಂದು, ಲಿವರ್. ಗಾಡಿ ಮೇಲೆ ನೀವು ದಿನಾ ಕೂರುವ ಹಾಗೆ ಕೂತು ಗ್ರಿಪ್ ಮೇಲೆ ಕೈ ಇಟ್ಟು ಬೆರಳು ಚಾಚಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಇರಬೇಕು. ಲಿವರ್ ಆ ಗೆರೆಯಲ್ಲೇ ಸಿಗಬೇಕು. ಎಷ್ಟೋ ಗಾಡಿಗಳಲ್ಲಿ ಲಿವರ್ ಮೇಲೆದ್ದಿರುತ್ತದೆ. ಆಗ ಪ್ರತಿ ಸಲ ಬ್ರೇಕ್ ಹಿಡಿಯಲು ಮಣಿಕಟ್ಟು ಮೇಲಕ್ಕೆ ಮುರಿಯಬೇಕು. ಎರಡು ಬೋಲ್ಟ್ ಸಡಿಲ ಮಾಡಿ ಒಂದಿಷ್ಟು ಕೆಳಗೆ ತಿರುಗಿಸಿ ನೋಡಿ.

ಎರಡು, ಈಗಿರುವ ಹ್ಯಾಂಡಲನ್ನೇ ತಿರುಗಿಸಿ. ಮೇಲಿನ ಕ್ಲಾಂಪ್‌ನ ನಾಲ್ಕು ಬೋಲ್ಟ್ ಸ್ವಲ್ಪ ಸಡಿಲ ಮಾಡಿ ನಿಮ್ಮ ಕಡೆಗೆ ಐದಾರು ಮಿಲಿಮೀಟರ್ ಹೊರಳಿಸಿದರೂ ಗ್ರಿಪ್ ಕೋನ ಬೇರೆಯಾಗುತ್ತದೆ.

ಆಮೇಲೂ ಸಾಲದು ಅನಿಸಿದರೆ ಅಳತೆ ತಗೊಳ್ಳಿ. ಸೀಟಿನ ಮೇಲೆ ಕೂತು, ಕಾಲು ಪೆಗ್ ಮೇಲಿಟ್ಟು, ಕಣ್ಣು ಮುಚ್ಚಿ ಕೈ ಮುಂದೆ ಚಾಚಿ. ಕೈ ಎಲ್ಲಿ ಸುಮ್ನೆ ನಿಲ್ಲುತ್ತದೋ ಅಲ್ಲಿಂದ ಗ್ರಿಪ್‌ವರೆಗೆ ಎಷ್ಟಿದೆ ಅಂತ ಇನ್ನೊಬ್ಬರ ಕೈಲಿ ಟೇಪ್ ಹಿಡಿಸಿ. ಎಷ್ಟು ಮೇಲೆ, ಎಷ್ಟು ಹಿಂದೆ, ಎರಡೂ ಬರೆದಿಡಿ. 15 ಸೆಂ.ಮೀ ಬರುವುದಿಲ್ಲ ಅಂತ ಈಗಲೇ ಹೇಳುತ್ತೇನೆ.

ಮಿಡಲ್‌ಸ್ಟ್ಯಾಂಡ್
ಕೊನೆಗೆ ನೀವೂ ಕಣ್ಣು ಮುಚ್ಚಿಸಿದಿರಿ ಅಲ್ವಾ? ನಾನು ಹೇಳಿದ್ದೂ ಅದೇ 😄

ಬೆರಳೆಣಿಕೆ
ನನ್ನ ಕೆಲಸ ಫಿಸಿಯೋಥೆರಪಿ. ಯಾವ ಬೆರಳು ಜೋಮು ಹಿಡಿಯುತ್ತದೆ ಅನ್ನುವುದು ಮುಖ್ಯ. ಕಿರುಬೆರಳು, ಉಂಗುರಬೆರಳು ಅಂದರೆ ಅಲ್ನಾರ್ ನರ. ಅದು ಮೊಣಕೈ ಒಳಬದಿಯಿಂದ ಬಂದು ಅಂಗೈಯ ಕಿರುಬೆರಳ ಕಡೆ ಇಳಿಯುತ್ತದೆ. ಮೈಭಾರವೆಲ್ಲ ಅಂಗೈ ಆ ಅಂಚಿನ ಮೇಲೆ ಬಿದ್ದರೆ, ಇಲ್ಲ ಮೊಣಕೈ ತುಂಬಾ ಹೊತ್ತು ಮಡಿಸಿಯೇ ಇದ್ದರೆ, ನರ ಒತ್ತಿಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಅದು ಮೀಡಿಯನ್ ನರ, ಕಾರ್ಪಲ್ ಟನಲ್ (ಮಣಿಕಟ್ಟಿನೊಳಗಿನ ಇಕ್ಕಟ್ಟಾದ ದಾರಿ) ಕಡೆಯದು.

ನೋವು ಹೆಗಲ ನಡುವೆಯೂ ಇದೆ ಅಂದಿರಿ. ಅಂದರೆ ಕೈ ದೂರ ಚಾಚುತ್ತಿದ್ದೀರಿ, ಮೈಯನ್ನು ಕೈಯಿಂದ ಹೊರುತ್ತಿದ್ದೀರಿ. ಹ್ಯಾಂಡಲ್ ಸ್ವಲ್ಪ ಹತ್ತಿರ ಬಂದರೆ ಉಪಯೋಗ ಆಗಬಹುದು. ಆದರೆ ಗಾಡಿ ಇಳಿದು ಗಂಟೆಗಟ್ಟಲೆ ಆದರೂ ಜೋಮು ಹೋಗದಿದ್ದರೆ, ರಾತ್ರಿ ಎಚ್ಚರ ಆಗುವ ಹಾಗಿದ್ದರೆ, ಹಿಡಿತ ಕಮ್ಮಿಯಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಹ್ಯಾಂಡಲ್ ಮದ್ದಲ್ಲ.

ಜೋಮುಗೈ
@ಬೆರಳೆಣಿಕೆ ಇಳಿದು ಹತ್ತು ನಿಮಿಷಕ್ಕೆ ಹೋಗುತ್ತದೆ ಮೇಡಂ. ಥ್ಯಾಂಕ್ಸ್.
@ಹನ್ನೆರಡರ ಸ್ಪ್ಯಾನರ್ ಭಾನುವಾರ ಬಿಚ್ಚುತ್ತೇನೆ. ಹೆಂಡತಿ ಕೈಗೆ ಟೇಪ್ ಕೊಡಬೇಕು, ನಗುತ್ತಾಳೆ ಅಷ್ಟೇ.

ಬ್ಯಾಂಜೊ
15 ಸೆಂ.ಮೀ ಎತ್ತರ ಅಂತ ಓದಿದ ಕೂಡಲೇ ಬರೆಯಲೇಬೇಕು ಅನಿಸಿತು. ನಾನು ಹಾಗೇ ಮಾಡಿದ್ದೆ. ಹ್ಯಾಂಡಲ್ ಮನೆಗೆ ಬಂತು, ಅರ್ಧ ಗಂಟೆಯಲ್ಲಿ ಕೂರಿಸಿಯೂ ಆಯಿತು. ಕ್ಲಚ್ ಕೇಬಲ್ ಗಿಟಾರ್ ತಂತಿ ಥರ ಬಿಗಿಯಾಗಿ ನಿಂತಿತ್ತು. "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ" ಅಂದುಕೊಂಡೆ, ನೋಡಿ ನನ್ನ ಬುದ್ಧಿ. ಗೇಟಿನಿಂದ ಹೊರಗೆ ಹೊರಳಿಸಲು ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಆಕ್ಸಿಲರೇಟರ್ ಕೇಬಲ್ ಜಗ್ಗಿ ಎಂಜಿನ್ ತಾನಾಗಿಯೇ ರೇಸ್ ಆಯಿತು. ಕ್ಲಚ್ ಅರ್ಧ ಬಿಟ್ಟಿದ್ದೆ. ಗಾಡಿ ಮುಂದೆ, ನಾನು ಹಿಂದೆ, ಗೋಡೆ ಎದುರಿಗೆ. ಹೆಡ್‌ಲೈಟ್ ಹೋಯಿತು, ಮಾನವೂ ಹೋಯಿತು.

ಆದ್ದರಿಂದ ಯಾವ ಹ್ಯಾಂಡಲ್ ಹಾಕಿದರೂ ಪರೀಕ್ಷೆ ಇದು: ಗಾಡಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಹ್ಯಾಂಡಲ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಆರ್‌ಪಿಎಂ ಒಂಚೂರು ಏರಿದರೂ ಕೇಬಲ್ ಗಿಡ್ಡ ಅಂತ ಅರ್ಥ. ಕ್ಲಚ್ ಲಿವರ್ ತುದಿಯಲ್ಲಿ ಫ್ರೀ ಪ್ಲೇ (ಕೇಬಲ್ ಎಳೆಯುವ ಮೊದಲಿನ ಸಡಿಲ) ಎರಡೂ ಕೊನೆಯಲ್ಲಿ ಹಾಗೇ ಇದೆಯಾ ನೋಡಿ. ಬ್ರೇಕ್ ಹೋಸ್ ಎಲ್ಲೂ ಜಗ್ಗಬಾರದು, ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆ) ಪೂರ್ತಿ ಮೇಲೆ ಎದ್ದಾಗಲೂ ಜಗ್ಗಬಾರದು. ಹ್ಯಾಂಡಲ್, ಸ್ವಿಚ್ ಬಾಕ್ಸ್ ಟ್ಯಾಂಕಿಗೆ ತಾಗುತ್ತಾ ಅಂತಲೂ ನೋಡಿ. ಆ ನಗ್ಗು ಜೀವನಪೂರ್ತಿ ಕಣ್ಣಿಗೆ ಬೀಳುತ್ತಾ ಇರುತ್ತದೆ.

ಜುಗಾಡು
ಹೋಸ್ ಗಿಡ್ಡ ಆದರೆ ನಡುವೆ ಒಂದು ಪೈಪ್ ಜೋಡಿಸಿ ಉದ್ದ ಮಾಡಬಹುದಲ್ಲ? ಹೊಸದು ಯಾಕೆ?

ಬ್ಯಾಂಜೊ
ಬ್ರೇಕ್‌ಗಾ?

ಹನ್ನೆರಡರ ಸ್ಪ್ಯಾನರ್
ಮಾರಾಯ, ನೀರಿನ ಪೈಪ್ ಅಲ್ಲ ಅದು. ಜೋರಾಗಿ ಬ್ರೇಕ್ ಹಿಡಿದಾಗ ಒಳಗಿರುವ ಒತ್ತಡ ಎಂಥದ್ದು ಅಂತ ಗೊತ್ತಾ? ಸರಿಯಾದ ಉದ್ದದ ಹೋಸ್ ಮಾಡಿಸಿ, ಸ್ಟೀಲ್ ಬ್ರೇಡೆಡ್ (ಉಕ್ಕಿನ ತಂತಿ ಹೆಣೆದದ್ದು) ಆದರೆ ಇನ್ನೂ ಒಳ್ಳೆಯದು. ಹೋಸ್ ತುದಿಯನ್ನು ಬಿಗಿಯುವ ಬ್ಯಾಂಜೊ ಬೋಲ್ಟಿನ ಎರಡೂ ಬದಿಯ ವಾಷರ್ ಹೊಸದೇ ಹಾಕಿ, ಹಳೆಯದು ಒಮ್ಮೆ ಒತ್ತಿ ಕೂತಿರುತ್ತದೆ, ಮತ್ತೆ ಸೋರದೆ ಇರುತ್ತೆ ಅಂತ ನಂಬುವ ಹಾಗಿಲ್ಲ. ಆಮೇಲೆ ಬ್ಲೀಡ್ ಮಾಡಬೇಕು, ಅಂದರೆ ಒಳಗಿನ ಗಾಳಿ ಹೊರಗೆ ತೆಗೆಯಬೇಕು. ಡಾಟ್ 4 ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಪೇಂಟ್ ಕಿತ್ತು ಬರುತ್ತದೆ. ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹಾಸಿ, ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಬಹಳ ದಿನ ಬಿಚ್ಚಿಟ್ಟ ಡಬ್ಬಿಯ ಆಯಿಲ್ ಬಳಸಬೇಡಿ, ಗಾಳಿಯ ತೇವ ಹೀರಿಕೊಂಡಿರುತ್ತದೆ.

ಎಬಿಎಸ್ ಇದ್ದರೆ ಕೆಲವು ಗಾಡಿಗಳಲ್ಲಿ ಒಳಗೆ ಸಿಕ್ಕಿಬಿದ್ದ ಗಾಳಿ ತೆಗೆಯಲು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗುತ್ತದೆ. ಮೊದಲೇ ಕೇಳಿಕೊಳ್ಳಿ.

ಜುಗಾಡು
ಸರಿ ಸರಿ, ಕೇಳಿದ್ದಕ್ಕೆ ಹೊಡೀತೀರಲ್ಲ.

ಗಾಳಿಮುಖ
ಇನ್ನೊಂದು ಯಾರೂ ಹೇಳಲಿಲ್ಲ. ಹ್ಯಾಂಡಲ್ ತಿರುಗಿಸಿದರೆ ಬ್ರೇಕ್ ಆಯಿಲ್ ಡಬ್ಬಿಯೂ ವಾಲುತ್ತದೆ. ಅದು ಆದಷ್ಟೂ ಸಮ ಇರಬೇಕು. ತೀರಾ ವಾಲಿದ್ದು, ಆಯಿಲೂ ಕಮ್ಮಿ ಇದ್ದರೆ ಪೂರ್ತಿ ತಿರುಗಿದಾಗ ಒಳಗೆ ಗಾಳಿ ಹೋಗಬಹುದು.

ಮೂರುಗಾಲಿ ಅಕ್ಕ
ನನ್ನದು ಮೂರು ಚಕ್ರದ ಗಾಡಿ, ಹಿಂದೆ ಎರಡು. ಎಡ ಭುಜ ಬಿದ್ದು ಪೆಟ್ಟಾಗಿ, ಕೈ ಎದೆಮಟ್ಟಕ್ಕಿಂತ ಮೇಲೆ ತುಂಬಾ ಹೊತ್ತು ಎತ್ತಿಡಲು ಆಗುವುದಿಲ್ಲ. ಎರಡು ಚಕ್ರ ಬಿಟ್ಟು ಇದಕ್ಕೆ ಬಂದಿದ್ದೂ ಅದಕ್ಕೇ. ಮೂರು ಹ್ಯಾಂಡಲ್ ಬದಲಿಸಿದ್ದೇನೆ, ಹಾಗಾಗಿ ಸ್ವಲ್ಪ ಮಾತಾಡುವ ಹಕ್ಕಿದೆ.

ಮೊದಲನೆಯದು ಕಂಪನಿಯದ್ದೇ. ತಿರುವಿನಲ್ಲಿ ಹೊರಗಿನ ಕೈ ಎಷ್ಟು ದೂರ ಹೋಗುತ್ತಿತ್ತು ಅಂದರೆ ಸೀಟಿನಿಂದ ಮೈಯೇ ಎದ್ದು ಬರುತ್ತಿತ್ತು. ನನ್ನ ಕೈ ಗಿಡ್ಡ. ಎರಡನೆಯದು ತುಂಬಾ ಹಿಂದಕ್ಕೆ ಬಾಗಿದ್ದು. ನಿಂತಾಗ ಎಷ್ಟು ಹಾಯಾಗಿತ್ತು! ಓಡಿಸಿದ ಮೇಲೆ ಗೊತ್ತಾಯಿತು, ಪೂರ್ತಿ ತಿರುಗಿಸಿದರೆ ಒಂದು ತುದಿ ಮಂಡಿಗೆ ಬಡಿಯುತ್ತದೆ. ಮೊಣಕೈ ಪಕ್ಕೆಲುಬಿನ ಹಿಂದೆ ಹೋಗಿ ಕೈಗೆ ಬಲವೇ ಇಲ್ಲ. ಅದರ ಮೇಲೆ ಅಗಲವೂ ಕಮ್ಮಿ. ಕಡಿಮೆ ಅಗಲ ಅಂದರೆ ಸನ್ನೆಗೋಲು ಗಿಡ್ಡ ಅಂತ, ತಿರುಗಿಸಲು ಜಾಸ್ತಿ ಬಲ ಬೇಕು. ಮೂರನೆಯದು ಅಗಲ, ಎತ್ತರ ಸ್ವಲ್ಪವೇ, ಹಿಂದಕ್ಕೆ ಹದವಾಗಿ ಬಾಗಿದೆ. ಅದರಲ್ಲೇ ಐದು ವರ್ಷದಿಂದ ಇದ್ದೇನೆ.

ಯಾವುದೇ ಹ್ಯಾಂಡಲ್ ತಗೊಳ್ಳುವ ಮೊದಲು ಗಾಡಿ ನಿಲ್ಲಿಸಿ ಪೂರ್ತಿ ಎರಡೂ ಕಡೆ ತಿರುಗಿಸಿ ನೋಡಿ. ನೇರ ಇಟ್ಟುಕೊಂಡು ನೋಡಿದರೆ ಎಲ್ಲ ಹ್ಯಾಂಡಲೂ ಚೆನ್ನಾಗಿಯೇ ಇರುತ್ತವೆ.

ಮಿಡಲ್‌ಸ್ಟ್ಯಾಂಡ್
ಮೂರು ಚಕ್ರದ್ದು ಓಡಿಸುವುದೂ ಬೈಕಿನ ಥರವೇ ಅಲ್ವಾ ಅಕ್ಕ? ಬಲಕ್ಕೆ ಹೋಗಬೇಕಾದರೆ ಬಲಗೈ ಒತ್ತಿದರೆ ಆಯಿತು.

ಮೂರುಗಾಲಿ ಅಕ್ಕ
ಹಾಗೆ ಮಾಡಿದರೆ ಎಡಕ್ಕೆ ಹೋಗಿ ಚರಂಡಿಗೆ ಬೀಳುತ್ತೀರಿ ತಮ್ಮ. ಬೈಕು ಬಾಗುತ್ತದೆ, ಅದಕ್ಕೇ ಬಲಗಡೆ ಒತ್ತಿದರೆ ಬಲಕ್ಕೆ ಬಾಗಿ ತಿರುಗುತ್ತದೆ. ಟ್ರೈಕ್ ಬಾಗುವುದಿಲ್ಲ. ಕಾರಿನ ಥರ ಹೋಗಬೇಕಾದ ಕಡೆಗೇ ತಿರುಗಿಸಬೇಕು. ಒಂದು ಕೈ ಎಳೆಯುತ್ತದೆ, ಒಂದು ಕೈ ತಳ್ಳುತ್ತದೆ. ಎರಡು ಚಕ್ರದಿಂದ ಬಂದವರೆಲ್ಲ ಮೊದಲ ದಿನ ಇದೇ ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೆ.

ಗಾಳಿಮುಖ
ಬಾಗುವ ಮೂರು ಚಕ್ರದವೂ ಇವೆ ಅಕ್ಕ. ಯಮಹಾ ನಿಕೆನ್, ಪಿಯಾಜಿಯೊ ಎಂಪಿ3 ಎರಡಕ್ಕೂ ಮುಂದೆ ಎರಡು ಚಕ್ರ, ಬೈಕಿನ ಥರವೇ ಬಾಗುತ್ತವೆ. ಕ್ಯಾನ್-ಆಮ್ ಸ್ಪೈಡರ್‌ಗೂ ಮುಂದೆ ಎರಡೇ, ಆದರೆ ಬಾಗುವುದಿಲ್ಲ, ಅದಕ್ಕೆ ಪವರ್ ಸ್ಟೀರಿಂಗ್ ಕೊಟ್ಟಿದ್ದಾರೆ.

ಮೂರುಗಾಲಿ ಅಕ್ಕ
ಒಪ್ಪಿದೆ, ನಾನು ಹೇಳಿದ್ದು ನನ್ನ ಥರದ್ದಕ್ಕೆ. ಪವರ್ ಸ್ಟೀರಿಂಗ್ ಅಂದಾಗ ನೆನಪಾಯಿತು. ಬೈಕಿಗೆ ಕಿಟ್ ಹಾಕಿ ಟ್ರೈಕ್ ಮಾಡಿಸಿದವರು ಸ್ಟೀರಿಂಗ್ ಭಾರ ಅಂತ ಹ್ಯಾಂಡಲ್ ಮೇಲೆ ಹ್ಯಾಂಡಲ್ ಬದಲಿಸುತ್ತಾರೆ. ಅಲ್ಲಿ ಬದಲಿಸಬೇಕಾದ್ದು ಎಷ್ಟೋ ಸಲ ಹ್ಯಾಂಡಲ್ ಅಲ್ಲ, ಟ್ರಿಪಲ್ ಟ್ರೀ, ಅಂದರೆ ಫೋರ್ಕನ್ನು ಫ್ರೇಮಿಗೆ ಹಿಡಿಸುವ ಭಾಗ. ಫೋರ್ಕನ್ನು ಇನ್ನಷ್ಟು ಮುಂದಕ್ಕೆ ಚಾಚಿಸಿ ಟ್ರೈಲ್ (ಸ್ಟೀರಿಂಗ್ ಅಕ್ಷದ ಗೆರೆ ನೆಲ ಮುಟ್ಟುವ ಜಾಗಕ್ಕೂ ಚಕ್ರ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕಮ್ಮಿ ಮಾಡಿದರೆ ಸ್ಟೀರಿಂಗ್ ಹಗುರ ಆಗುತ್ತದೆ. ಬೈಕಿಗೆ ಇದ್ದ ಟ್ರೈಲ್ ಬಾಗುವ ಗಾಡಿಗೆ ಸರಿ, ಬಾಗದ್ದಕ್ಕೆ ಜಾಸ್ತಿ. ಇದನ್ನು ಗೊತ್ತಿದ್ದವರ ಹತ್ತಿರವೇ ಮಾಡಿಸಬೇಕು.

ಕೋತಿಕೊಂಬೆ
ಏಪ್ ಹ್ಯಾಂಗರ್ (ಕೈ ಮೇಲೆತ್ತಿ ಹಿಡಿಯುವ ಎತ್ತರದ ಹ್ಯಾಂಡಲ್) ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಕೈ ಮೇಲೆ, ಗಾಳಿ ಎದೆಗೆ. ಅದರ ಮುಂದೆ ಇವೆಲ್ಲ ಏನು?

ಬೆರಳೆಣಿಕೆ
ಕೈ ಎದೆಗಿಂತ ಮೇಲೆ ಎತ್ತಿಕೊಂಡು ಒಂದು ಗಂಟೆ ಗೋಡೆ ಹಿಡಿದು ನಿಂತು ನೋಡಿ, ಆಮೇಲೆ ಮಾತಾಡೋಣ.

ಕೋತಿಕೊಂಬೆ
ನಾನು ದಿನಾ ಓಡಿಸುತ್ತೇನೆ ಮೇಡಂ, ಏನೂ ಆಗಿಲ್ಲ. ಗ್ರಿಪ್ ಹೆಗಲಿಗಿಂತ ಸ್ವಲ್ಪ ಕೆಳಗೇ ಇದೆ. ಅದಕ್ಕಿಂತ ಮೇಲೆ ಹೋದರೆ ಬೆರಳು ತಣ್ಣಗಾಗುತ್ತವೆ, ಅದನ್ನು ಒಪ್ಪುತ್ತೇನೆ. ನಿಧಾನಕ್ಕೆ ಯು-ಟರ್ನ್ ಮಾಡುವಾಗ ಒದ್ದಾಟ ಅನ್ನುವುದೂ ನಿಜ. ಆದರೆ ನೋಡೋಕೆ?

ಮೂರುಗಾಲಿ ಅಕ್ಕ
ನೋಡೋರಿಗೆ ಚೆನ್ನಾಗಿರುತ್ತದೆ ಬಿಡಪ್ಪ, ಹಿಡಿಯೋನು ನೀನು.

ಗಾಳಿಮುಖ
ಎತ್ತರದ ಹ್ಯಾಂಡಲ್‌ಗೆ ಕೆಲವು ದೇಶಗಳಲ್ಲಿ, ರಾಜ್ಯಗಳಲ್ಲಿ ಕಾನೂನಿನ ಮಿತಿ ಇದೆ, ಮರೆಯಬೇಡಿ. ಇನ್ಶೂರೆನ್ಸಿಗೂ ತಿಳಿಸುವುದು ಒಳ್ಳೆಯದು.

ಜೋಮುಗೈ
ಮೊದಲ ವರದಿ. ಲಿವರ್ ಎರಡೂ ಕೆಳಗಿಳಿಸಿದೆ. ನಿಜ ಹೇಳಬೇಕೆಂದರೆ ನಾಚಿಕೆ ಆಯಿತು, ಎರಡು ವರ್ಷ ಮಣಿಕಟ್ಟು ಮುರಿದುಕೊಂಡೇ ಓಡಿಸಿದ್ದೇನೆ. ಹ್ಯಾಂಡಲ್ ಸ್ವಲ್ಪ ನನ್ನ ಕಡೆ ತಿರುಗಿಸಿದೆ. ಜೋಮು ಬರುವುದು ಈಗ ಒಂದೂವರೆ ಗಂಟೆ ಆದ ಮೇಲೆ. ಹೆಗಲ ನೋವು ಹಾಗೇ ಇದೆ.

ಅಳತೆಯೂ ಆಯಿತು. ಹೆಂಡತಿ ನಗಲಿಲ್ಲ, "ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ಳಿ" ಅಂತ ಎರಡು ಸಲ ಬೈದಳು. ಮೇಲಕ್ಕೆ 3 ಸೆಂ.ಮೀ, ಹಿಂದಕ್ಕೆ 2 ಸೆಂ.ಮೀ ಸಾಕಂತೆ. 15 ಎಲ್ಲಿ, 3 ಎಲ್ಲಿ!

ಹನ್ನೆರಡರ ಸ್ಪ್ಯಾನರ್
ನಾನು ಹೇಳಲಿಲ್ವಾ. ಇಷ್ಟಕ್ಕೆ ಹ್ಯಾಂಡಲ್ ಬದಲಿಸುವುದೂ ಬೇಡ, ರೈಸರ್ (ಹ್ಯಾಂಡಲ್ ಕೆಳಗೆ ಕೂರಿಸಿ ಎತ್ತರ ಮಾಡುವ ತುಂಡು) ಸಾಕು. ಹಿಂದಕ್ಕೂ ತರುವ ರೈಸರ್ ಸಿಗುತ್ತವೆ. ನಿಮ್ಮ ಹ್ಯಾಂಡಲ್ ದಪ್ಪ ಎಷ್ಟು ಅಂತ ಮೊದಲು ಅಳೆಯಿರಿ, ಕ್ಲಾಂಪ್ ಹಿಡಿಯುವ ನಡುಭಾಗದಲ್ಲಿ. ಸಾಮಾನ್ಯವಾಗಿ 22 ಮಿ.ಮೀ. ಹಾರ್ಲೆಯಂಥ ಕ್ರೂಸರ್‌ಗಳದ್ದು ಒಂದು ಇಂಚು, ಅಂದರೆ 25.4. ನಡುವೆ ದಪ್ಪ, ತುದಿಗೆ ತೆಳ್ಳಗಾಗುವ ಅಲ್ಯುಮಿನಿಯಂನವು 28.6. ಒಂದಕ್ಕೆ ಮಾಡಿದ ಕ್ಲಾಂಪ್ ಇನ್ನೊಂದಕ್ಕೆ ಕೂರುವುದಿಲ್ಲ. ತಗಡು ಸುತ್ತಿ ಕೂರಿಸುತ್ತೇನೆ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ.

ಜುಗಾಡು
ನನ್ನನ್ನೇ ನೋಡಿ ಬರೆದಿದ್ದು ಅಂತ ಗೊತ್ತಾಗುತ್ತೆ.

ಬ್ಯಾಂಜೊ
ಬಿಗಿಯುವ ಕ್ರಮವೂ ಇದೆ. ಮೇಲಿನ ಕ್ಲಾಂಪ್ ಮೇಲೆ ಚುಕ್ಕಿನೋ ಬಾಣವೋ ಇದ್ದರೆ ಅದು ಮುಂದಕ್ಕೆ ಬರಬೇಕು. ತುಂಬಾ ಗಾಡಿಗಳಲ್ಲಿ ಮುಂದಿನ ಎರಡು ಬೋಲ್ಟ್ ಮೊದಲು, ಹಿಂದಿನವು ಆಮೇಲೆ, ಹಿಂದೆ ಒಂದು ಸಂದಿ ಉಳಿಯುತ್ತದೆ. ಸಂದಿ ಕಂಡರೆ ಕೆಲವರಿಗೆ ಸಮಾಧಾನ ಇಲ್ಲ, ಮುಚ್ಚುವವರೆಗೆ ಬಿಗಿದು ಅಲ್ಯುಮಿನಿಯಂ ಥ್ರೆಡ್ ಕೀಳುತ್ತಾರೆ. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಕ್ರಮ, ಟಾರ್ಕ್ (ಎಷ್ಟು ಬಲದಲ್ಲಿ ಬಿಗಿಯಬೇಕು ಅನ್ನುವುದು) ಎರಡೂ ಇರುತ್ತವೆ. ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಈಸ್ಕೊಳ್ಳಿ. ನೂರಿನ್ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ನೋಡಿ.

ಹೊಸಗ್ರಿಪ್
ವಿಷಯ ಸ್ವಲ್ಪ ಪಕ್ಕದ್ದು. ಹ್ಯಾಂಡಲ್ ಬದಲಿಸುವವರು ಗ್ರಿಪ್ ಹರಿಯದೆ ತೆಗೆಯುವುದು ಹೇಗೆ? ನಾನು ಬ್ಲೇಡ್ ಹಾಕಿ ಕೊಯ್ದೆ.

ಬ್ಯಾಂಜೊ
ಕಂಪ್ರೆಸರ್ ಗಾಳಿ. ಗ್ರಿಪ್ ಕೆಳಗೆ ನಳಿಕೆ ತೂರಿಸಿ ಊದಿದರೆ ಬಲೂನಿನ ಥರ ಉಬ್ಬಿ ಜಾರಿ ಬರುತ್ತದೆ.

ಗಾಳಿಮುಖ
ಮನೆಯಲ್ಲಿ ಕಂಪ್ರೆಸರ್ ಯಾರ ಹತ್ತಿರ ಇರುತ್ತೆ? ತೆಳ್ಳಗಿನ ಸ್ಕ್ರೂಡ್ರೈವರ್ ತೂರಿಸಿ ಸೋಪಿನ ನೀರು ಬಿಡಿ, ತಿರುಚಿ ಎಳೆಯಿರಿ. ಹಾಕುವಾಗ ಹೇರ್ ಸ್ಪ್ರೇ. ಒದ್ದೆಯಿದ್ದಾಗ ಜಾರುತ್ತದೆ, ಒಣಗಿದ ಮೇಲೆ ಅಂಟುತ್ತದೆ.

ಹನ್ನೆರಡರ ಸ್ಪ್ಯಾನರ್
ಹೇರ್ ಸ್ಪ್ರೇ ಎಲ್ಲ ತಲೆಗೆ. ಗ್ರಿಪ್ ಗಮ್ ಅಂತಲೇ ಸಿಗುತ್ತದೆ, ಅದನ್ನು ಹಾಕಿ. ಮಳೆಯಲ್ಲಿ ಬಲಗೈ ಗ್ರಿಪ್ ಸುತ್ತಿದರೆ ಏನಾಗುತ್ತೆ ಅಂತ ಯೋಚನೆ ಮಾಡಿ. ಇನ್ನೊಂದು, ಎಡ ಬಲ ಅದಲುಬದಲು ಮಾಡಬೇಡಿ, ಬಲಗಡೆಯದು ಆಕ್ಸಿಲರೇಟರ್ ಕೊಳವೆ ಮೇಲೆ ಕೂರಬೇಕಾದ್ದರಿಂದ ಅದರ ಒಳಗಿನ ರಂಧ್ರ ದೊಡ್ಡದು.

ಹೊಸ ಹ್ಯಾಂಡಲ್ ಹಾಕುವವರಿಗೆ ಒಂದು ಮಾತು: ಸ್ವಿಚ್ ಬಾಕ್ಸ್ ಒಳಗೆ ಸಣ್ಣ ಗೂಟ ಇರುತ್ತದೆ, ಅದು ಹ್ಯಾಂಡಲ್‌ನ ತೂತಿನಲ್ಲಿ ಕೂರಬೇಕು. ಹೊಸದರಲ್ಲಿ ಎಷ್ಟೋ ಸಲ ತೂತು ಇರುವುದಿಲ್ಲ. ಲಿವರ್, ಸ್ವಿಚ್ ಎಲ್ಲ ಸಡಿಲವಾಗಿ ಇಟ್ಟು, ಗಾಡಿ ಮೇಲೆ ಕೂತು ನೋಡಿ, ಕೋನ ಸರಿ ಅನಿಸಿದ ಮೇಲೆ ಗುರುತು ಹಾಕಿ ಕೊರೆಯಿರಿ. ಮೊದಲೇ ಕೊರೆದರೆ ಎರಡನೇ ತೂತು ಕೊರೆಯಬೇಕಾಗುತ್ತದೆ, ಹ್ಯಾಂಡಲ್ ಅಲ್ಲೇ ಸೊರಗುತ್ತದೆ.

ಕೋತಿಕೊಂಬೆ
ಬಿದ್ದು ಬಾಗಿದ ಹ್ಯಾಂಡಲ್ ನೆಟ್ಟಗೆ ಮಾಡಿಸಿ ಹಾಕಬಹುದಾ?

ಹನ್ನೆರಡರ ಸ್ಪ್ಯಾನರ್
ಬೇಡ. ಅಲ್ಯುಮಿನಿಯಂ ಆದರಂತೂ ಬೇಡವೇ ಬೇಡ.

ಜೋಮುಗೈ
ಎರಡನೇ ವರದಿ. ಮೂರು ವಾರ ಆಯಿತು, ಮರೆತೆ ಅಂದುಕೊಂಡಿರಾ?

25 ಮಿ.ಮೀ ಮೇಲೆ, 20 ಮಿ.ಮೀ ಹಿಂದೆ ತರುವ ರೈಸರ್ ಹಾಕಿದೆ. ಕೇಬಲ್ ಎಲ್ಲ ತಲುಪಿದವು. ಬ್ರೇಕ್ ಹೋಸ್ ಮಾತ್ರ ಪೂರ್ತಿ ಬಲಕ್ಕೆ ತಿರುಗಿಸಿದಾಗ ಬಿಗಿಯಾಗುತ್ತಿತ್ತು. ಒಂದು ಕ್ಲಿಪ್‌ನಿಂದ ಬಿಡಿಸಿ ದಾರಿ ಬದಲಿಸಿದ ಮೇಲೆ ಸಡಿಲ ಸಿಕ್ಕಿತು. ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿಯೂ ನೋಡಿದೆ, ಎಲ್ಲೂ ತಾಗಲಿಲ್ಲ, ಜಗ್ಗಲಿಲ್ಲ. ಐಡ್ಲಿಂಗ್ ಪರೀಕ್ಷೆಯನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿಕೊಂಡು ಮಾಡಿದೆ @ಬ್ಯಾಂಜೊ, ನಿಮ್ಮ ನೆನಪಿನಲ್ಲಿ.

ನಿನ್ನೆ ನಾಲ್ಕು ಗಂಟೆ ಓಡಿಸಿದೆ. ಹೆಗಲ ನಡುವಿನ ಮೊಳೆ ಹೋಯಿತು. ಜೋಮು ಮೂರನೇ ಗಂಟೆಗೆ ಸ್ವಲ್ಪ ಬಂತು. ಬಲಗೈ ಬಿಗಿಯಾಗಿ ಹಿಡಿಯುತ್ತೇನೆ ಅಂತ ಈಗ ನನಗೇ ಗೊತ್ತಾಗುತ್ತಿದೆ.

ಹೊಸ ದೂರು ಎರಡು. ನೆಟ್ಟಗೆ ಕೂತದ್ದರಿಂದ 90ರ ಮೇಲೆ ಗಾಳಿ ನೇರ ಎದೆಗೆ ಹೊಡೆಯುತ್ತದೆ. ಮತ್ತೆ ಈಗ ಬಾಲದ ಮೂಳೆ ನೋಯುತ್ತಿದೆ.

ಬೆರಳೆಣಿಕೆ
ಮೊದಲು ಕೈ ಹೊರುತ್ತಿದ್ದ ಭಾರ ಈಗ ಕೆಳಗೆ ಇಳಿದಿದೆ, ಅಷ್ಟೇ. ಇನ್ನೂ ಎತ್ತರ ಮಾಡಿದ್ದರೆ ಇನ್ನೂ ಜಾಸ್ತಿ ನೋಯುತ್ತಿತ್ತು. ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ, ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿಯಿರಿ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಮಿಡಲ್‌ಸ್ಟ್ಯಾಂಡ್
ಸೀಟು ಬದಲಿಸಿ. ಕಣ್ಣು ಮುಚ್ಚಿ.

ಗಾಳಿಮುಖ
ಗಾಳಿಗೆ ಸಣ್ಣ ವಿಂಡ್‌ಶೀಲ್ಡ್. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಲಿವರ್ ತಾಗದ ಹಾಗೆ ನೋಡಿ ತಗೊಳ್ಳಿ.

ಮೂರುಗಾಲಿ ಅಕ್ಕ
ಹೀಗೇ ಒಂದೊಂದೇ ಬದಲಿಸುತ್ತಾ ಹೋದರೆ ಕೊನೆಗೆ ಮೂರನೇ ಚಕ್ರವೂ ಬರುತ್ತದೆ, ಸ್ವಾಗತ.

ಜುಗಾಡು
ಜೋಮುಗೈ ಅವರೇ, ಆ 15 ಸೆಂ.ಮೀ ಹ್ಯಾಂಡಲ್ ತಗೊಳ್ಳೋದಿಲ್ಲ ಅಂದರೆ ಲಿಂಕ್ ಕಳಿಸಿ. ನನಗೆ ಬೇಕು.

ಬ್ಯಾಂಜೊ
ಜೊತೆಗೆ ಹೆಡ್‌ಲೈಟೂ ಒಂದು ತರಿಸಿಟ್ಟುಕೊಳ್ಳಿ.